ಸರದಿಯಲ್ಲಿ ನಿಂತವರೆಲ್ಲ ಸಮಾನರೇ?

ನಮ್ಮ ಶಾಲೆಯ ವಾರಾಂತ್ಯದ ತರಗತಿಗಳು ನಡೆಯುವ ಹೊತ್ತಿಗೆ ಹೊರಗೆ ಕಾರಿಡಾರಿನಲ್ಲಿ ಇನ್ನೊಂದು ತರಗತಿ ನಡೆಯುತ್ತಿರುತ್ತದೆ. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು, ಅಜ್ಜಿ ತಾತಂದಿರು ಫ್ಲಾಸ್ಕಿನ ಕಾಫಿ ಹಂಚಿಕೊಂಡು ಮಾತಿಗೆ ಕೂರುತ್ತಾರೆ. ಮೊದಲೆಲ್ಲ ಊರಿನ ಸೈಟು, ವಿಮಾನದ ಟಿಕೆಟ್ಟು, ಮಕ್ಕಳ ಪರೀಕ್ಷೆ ಇವೇ ಮಾತಿನ ವಿಷಯಗಳು. ಈಚೆಗೆ ಕೆಲವು ವರ್ಷಗಳಿಂದ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಆಸ್ಪತ್ರೆಯಿಂದ ಕಾಗದ ಬಂತಾ?"

ಈ ಲೇಖನ ಹುಟ್ಟಿದ್ದು ಆ ಕಾರಿಡಾರಿನಲ್ಲೇ. ಅಲ್ಲಿ ಕೂರುವವರ ಪೈಕಿ ಇಬ್ಬರಿಗೆ ಮಂಡಿ ಸವೆದಿತ್ತು. ಒಬ್ಬರು ನಿವೃತ್ತ ಮೇಷ್ಟರು; ಮಗ ಸೊಸೆ ಇಬ್ಬರೂ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಇನ್ನೊಬ್ಬರು ಹಾಸನದ ಕಡೆಯವರು, ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ, ನಾವೆಲ್ಲ "ಅಕ್ಕ" ಎಂದೇ ಕರೆಯುವ ಮಹಿಳೆ. ಇಬ್ಬರೂ ಇರುವುದು ಒಂದೇ ಊರಿನಲ್ಲಿ. ಇಬ್ಬರ ಹೆಸರೂ ಆಸ್ಪತ್ರೆಯ ಪಟ್ಟಿಗೆ ಸೇರಿದ್ದು ಹೆಚ್ಚು ಕಡಿಮೆ ಒಂದೇ ತಿಂಗಳಲ್ಲಿ, ಒಂದೇ ಆಸ್ಪತ್ರೆಯಲ್ಲಿ. ಮೇಷ್ಟರಿಗೆ ಏಳು ತಿಂಗಳಲ್ಲಿ ಮಂಡಿಯ ಶಸ್ತ್ರಚಿಕಿತ್ಸೆ ಮುಗಿದು ಅವರು ಕೋಲಿಲ್ಲದೆ ನಡೆಯತೊಡಗಿದರು. ಅಕ್ಕನಿಗೆ ಆಗಿದ್ದು ಹತ್ತೊಂಬತ್ತು ತಿಂಗಳ ನಂತರ. ಮೇಷ್ಟರು ಯಾರಿಗೂ ಲಂಚ ಕೊಡಲಿಲ್ಲ, ಯಾರ ಶಿಫಾರಸನ್ನೂ ತರಲಿಲ್ಲ. ಆಸ್ಪತ್ರೆಯವರು ಅಕ್ಕನನ್ನು ಬೇಕೆಂದು ಹಿಂದೆ ಹಾಕಲೂ ಇಲ್ಲ. ಹಾಗಾದರೆ ಒಂದು ವರ್ಷದ ವ್ಯತ್ಯಾಸ ಎಲ್ಲಿಂದ ಬಂತು?

"ಹೆಸರು ಬರೀಬೇಡಿ, ವಿಷಯ ಬರೀರಿ" ಎಂದು ಅಕ್ಕ ಒಪ್ಪಿಗೆ ಕೊಟ್ಟ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಎಲ್ಲರಿಗೂ ಒಂದೇ ಬಾಗಿಲು

ಬ್ರಿಟನ್ನಿನ ನ್ಯಾಷನಲ್ ಹೆಲ್ತ್ ಸರ್ವೀಸ್, ಅಂದರೆ ಎನ್.ಎಚ್.ಎಸ್., ಆರಂಭವಾದದ್ದು 1948ರ ಜುಲೈ 5ರಂದು. ಆಗಿನ ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ವೇಲ್ಸ್‌ನ ಗಣಿ ಕಾರ್ಮಿಕರ ಮನೆತನದಿಂದ ಬಂದವರು. ಸ್ವತಃ ಹದಿಹರೆಯದಲ್ಲಿ ಕಲ್ಲಿದ್ದಲು ಗಣಿಗೆ ಇಳಿದವರು. ಅವರು ಹಾಕಿಕೊಟ್ಟ ತತ್ವ ಸರಳವಾದದ್ದು. ಚಿಕಿತ್ಸೆ ಸಿಗಬೇಕಾದದ್ದು ರೋಗ ಎಷ್ಟಿದೆ ಎಂಬುದನ್ನು ನೋಡಿ, ಜೇಬಿನಲ್ಲಿ ಹಣ ಎಷ್ಟಿದೆ ಎಂಬುದನ್ನು ನೋಡಿ ಅಲ್ಲ. ಖರ್ಚನ್ನು ತೆರಿಗೆಯಿಂದ ಭರಿಸಬೇಕು. ರೋಗಿ ಬಾಗಿಲಲ್ಲಿ ದುಡ್ಡು ಎಣಿಸಬಾರದು.

ಊರಿನಲ್ಲಿ ತಂದೆಯ ಬೈಪಾಸ್ ಆಪರೇಷನ್ನಿಗೆ ಜಮೀನು ಮಾರಿದವರನ್ನು, ಚಿನ್ನ ಅಡವಿಟ್ಟವರನ್ನು ನೋಡಿ ಬಂದ ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹಣದ ಬೇಲಿಯನ್ನು ಕಿತ್ತು ಹಾಕಿದಾಗ ಅದರ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ. ವೈದ್ಯರು, ಹಾಸಿಗೆಗಳು, ಆಪರೇಷನ್ ಥಿಯೇಟರುಗಳು ಮಿತವಾಗಿವೆ, ಬೇಕಾದವರು ಹೆಚ್ಚಿದ್ದಾರೆ. ಹಣ ಕೊಟ್ಟವರಿಗೆ ಮೊದಲು ಎನ್ನುವಂತಿಲ್ಲವಾದರೆ ಯಾರಿಗೆ ಮೊದಲು? ಉತ್ತರ: ಸರದಿ. ತುರ್ತಾಗಿ ಬೇಕಾದವರು ಮುಂದೆ, ಮಿಕ್ಕವರು ಬಂದ ಕ್ರಮದಲ್ಲಿ. ಹೃದಯಾಘಾತ, ಅಪಘಾತದಂಥವು ಈ ಸಾಲಿಗೆ ಬರುವುದಿಲ್ಲ; ಅವಕ್ಕೆ ಬೇರೆಯೇ ಬಾಗಿಲು. ಮಂಡಿ, ಸೊಂಟದ ಕೀಲು, ಕಣ್ಣಿನ ಪೊರೆ, ಹರ್ನಿಯಾ, ಗರ್ಭಕೋಶದ ತೊಂದರೆ ಇಂಥವು ಕಾಯಬಹುದಾದ ಕಾಯಿಲೆಗಳು ಎಂದು ಲೆಕ್ಕ. ಕಾಯಬಹುದಾದವು ಎಂದರೆ ನೋವಿಲ್ಲದವು ಎಂದಲ್ಲ.

ಎನ್.ಎಚ್.ಎಸ್. ಹುಟ್ಟಿದಾಗಲೇ ಸುಮಾರು 5 ಲಕ್ಷ ಜನರ ಕಾಯುವ ಪಟ್ಟಿ ಅದರ ಜೊತೆಗೇ ಹುಟ್ಟಿತು. 1998ರಲ್ಲಿ ಇಂಗ್ಲೆಂಡಿನ ಪಟ್ಟಿ 13 ಲಕ್ಷದ ಸುತ್ತ ಇತ್ತು. ಈಗ ಎಣಿಸುವ ಕ್ರಮವೇ ಬೇರೆ. ಆಗ ಆಸ್ಪತ್ರೆಗೆ ದಾಖಲಾಗಲು ಕಾಯುವವರನ್ನು ಮಾತ್ರ ಎಣಿಸುತ್ತಿದ್ದರು. ಈಗ ಮನೆಯ ಹತ್ತಿರದ ಕುಟುಂಬ ವೈದ್ಯರು, ಅಂದರೆ ಜಿ.ಪಿ., ಶಿಫಾರಸು ಪತ್ರ ಕಳಿಸಿದ ದಿನದಿಂದಲೇ ಗಡಿಯಾರ ಓಡಲು ಶುರುವಾಗುತ್ತದೆ. ಹೀಗೆ ಎಣಿಸಿದ ಪಟ್ಟಿ 2020ರ ಆರಂಭದಲ್ಲಿ, ಕೋವಿಡ್ ಬರುವುದಕ್ಕೆ ಮುಂಚೆ, ಸುಮಾರು 46 ಲಕ್ಷ ಇದ್ದದ್ದು 2023ರ ಸೆಪ್ಟೆಂಬರಿನಲ್ಲಿ 77 ಲಕ್ಷವನ್ನೂ ದಾಟಿತು. ಒಬ್ಬರೇ ಎರಡು ಚಿಕಿತ್ಸೆಗೆ ಕಾಯುತ್ತಿರಬಹುದಾದ್ದರಿಂದ ಜನರ ಲೆಕ್ಕ ಇದಕ್ಕಿಂತ ಕಡಿಮೆ. ಆದರೂ ಅದು ಸಣ್ಣ ಸಾಲಲ್ಲ.

ಸಾಲು ಉದ್ದವಾಯಿತು, ಎಲ್ಲರೂ ಹೆಚ್ಚು ಕಾಯಬೇಕಾಯಿತು. ಅಷ್ಟೇ ಆಗಿದ್ದರೆ ಅದೊಂದು ಕಷ್ಟ, ಅನ್ಯಾಯವಲ್ಲ. ಸಾಲು ಎಲ್ಲರಿಗೂ ಒಂದೇ ವೇಗದಲ್ಲಿ ಸಾಗುತ್ತದೆಯೇ ಎಂಬುದು ನಿಜವಾದ ಪ್ರಶ್ನೆ.

ಗಣಿ ಊರಿನ ಡಾಕ್ಟರು ಕಂಡದ್ದು

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಜಿ.ಪಿ. ಮುಖ್ಯರು. ದಕ್ಷಿಣ ವೇಲ್ಸ್‌ನ ಗ್ಲಿನ್‌ಕೋರುಗ್ ಎಂಬ ಗಣಿ ಹಳ್ಳಿಯಲ್ಲಿ ಅವರು ದಶಕಗಳ ಕಾಲ ವೈದ್ಯರಾಗಿದ್ದರು. 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರು ಬರೆದ ಲೇಖನವೊಂದು ವೈದ್ಯಲೋಕದಲ್ಲಿ ಇಂದಿಗೂ ಚರ್ಚೆಯಾಗುತ್ತದೆ. ಒಳ್ಳೆಯ ವೈದ್ಯಕೀಯ ಸೇವೆ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೇ ಕಡಿಮೆ ಸಿಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಆರೋಗ್ಯ ಸೇವೆ ಮಾರುಕಟ್ಟೆಯ ಕೈಗೆ ಸಿಕ್ಕಷ್ಟೂ ಇದು ಹೆಚ್ಚುತ್ತದೆ ಎಂದೂ ಅವರು ವಾದಿಸಿದರು. ಇದನ್ನು ಅವರು "ವಿಲೋಮ ಆರೈಕೆಯ ನಿಯಮ" ಎಂಬರ್ಥದ ಹೆಸರಿನಿಂದ ಕರೆದರು. ಗಣಿಯ ಧೂಳು ಕುಡಿದು ಶ್ವಾಸಕೋಶ ಕೆಟ್ಟವರು ಇರುವ ಊರಿನಲ್ಲಿ ಒಬ್ಬ ವೈದ್ಯನಿಗೆ ರೋಗಿಗಳು ಹೆಚ್ಚು, ಸಮಯ ಕಡಿಮೆ. ತೋಟದ ಮನೆಗಳಿರುವ ಬಡಾವಣೆಯಲ್ಲಿ ರೋಗ ಕಡಿಮೆ, ವೈದ್ಯರಿಗೆ ಪುರುಸೊತ್ತು ಹೆಚ್ಚು.

ಇದರಲ್ಲಿ ನಮ್ಮವರ ಪಾಲೂ ಇದೆ. ಇಲ್ಲಿಯ ವೈದ್ಯರು ಹೋಗಲು ಹಿಂಜರಿಯುತ್ತಿದ್ದ ಗಣಿ ಕಣಿವೆಗಳಲ್ಲಿ, ಕಾರ್ಖಾನೆ ಊರುಗಳಲ್ಲಿ ದವಾಖಾನೆ ತೆರೆದು ಕೂತವರಲ್ಲಿ ಭಾರತದಿಂದಲೂ ಸುತ್ತಮುತ್ತಲ ದೇಶಗಳಿಂದಲೂ 1950ರ ನಂತರ ಬಂದ ವೈದ್ಯರು ಬಹಳ ಮಂದಿ. ಅವರಲ್ಲಿ ಹಲವರು ಈಗ ನಿವೃತ್ತರು. ಅವರು ಬಿಟ್ಟ ಕುರ್ಚಿಗಳಿಗೆ ಹೊಸಬರು ಸಿಗುವುದು ಆ ಊರುಗಳಲ್ಲಿ ಇಂದಿಗೂ ಕಷ್ಟ. ಜನರ ಅಗತ್ಯವನ್ನೂ ಲೆಕ್ಕಕ್ಕೆ ಹಿಡಿದು ನೋಡಿದರೆ, ಅತಿ ಬಡ ಪ್ರದೇಶದ ಜಿ.ಪಿ. ಒಬ್ಬರ ಪಾಲಿಗೆ ಅನುಕೂಲಸ್ಥ ಪ್ರದೇಶದ ಜಿ.ಪಿ.ಗಿಂತ ಸುಮಾರು ಶೇಕಡಾ 10ರಷ್ಟು ಹೆಚ್ಚು ರೋಗಿಗಳು ಬರುತ್ತಾರೆ ಎಂದು ಹೆಲ್ತ್ ಫೌಂಡೇಶನ್ ಸಂಸ್ಥೆ 2020ರಲ್ಲಿ ಲೆಕ್ಕ ಹಾಕಿತ್ತು.

ಆಸ್ಪತ್ರೆಯ ಸಾಲಿಗೆ ಸೇರುವ ಮೊದಲೇ ಒಂದು ಸಾಲಿದೆ, ಅದು ಜಿ.ಪಿ.ಯ ಬಾಗಿಲಲ್ಲಿದೆ ಎಂಬುದನ್ನು ಇದರಿಂದ ತಿಳಿಯಬೇಕು. ಈ ಮೊದಲ ಸಾಲನ್ನು ಆಸ್ಪತ್ರೆಯ ಗಡಿಯಾರ ಎಣಿಸುವುದೇ ಇಲ್ಲ. ಅಕ್ಕ ಮಂಡಿನೋವಿಗೆ ಎರಡು ವರ್ಷ ಎಣ್ಣೆ ಹಚ್ಚಿಕೊಂಡು, ಅಂಗಡಿಯ ಮಾತ್ರೆ ನುಂಗಿಕೊಂಡೇ ಇದ್ದರು. ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಫೋನ್ ಮಾಡಿದರೆ ಮಾತ್ರ ಅಂದಿನ ಅಪಾಯಿಂಟ್‌ಮೆಂಟ್ ಸಿಗುತ್ತಿತ್ತು. ಆ ಹೊತ್ತಿನಲ್ಲಿ ಅವರು ಅರವತ್ತು ಜನ ವೃದ್ಧರಿಗೆ ಗಂಜಿ ಬೇಯಿಸುತ್ತಿದ್ದರು.

ಒಂದೇ ಆಸ್ಪತ್ರೆ, ಎರಡು ವೇಗ

ಬಡವರ ಊರಿನಲ್ಲಿ ಆಸ್ಪತ್ರೆ ಚಿಕ್ಕದು, ಅದಕ್ಕೇ ತಡ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಯಾರ್ಕ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರೂ ಸೇರಿದ ತಂಡವೊಂದು ಇಂಗ್ಲೆಂಡಿನ ಸೊಂಟದ ಕೀಲು ಬದಲಾವಣೆಯ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಬಡ ಪ್ರದೇಶದವರು ಹೆಚ್ಚು ಕಾಯುತ್ತಾರೆ. ಅಷ್ಟೇ ಅಲ್ಲ, ಒಂದೇ ಆಸ್ಪತ್ರೆಯ ಒಂದೇ ಪಟ್ಟಿಯೊಳಗೂ ಈ ಅಂತರ ಇದೆ ಎಂದು ಅವರು ತೋರಿಸಿದರು.

ಇದು ಬ್ರಿಟನ್ನಿಗೆ ಮಾತ್ರ ಸೀಮಿತವಲ್ಲ. ಕೆನಡಾದಲ್ಲೂ ಆಸ್ಪತ್ರೆಯ ಖರ್ಚು ಸರ್ಕಾರದ್ದೇ. ಅಲ್ಲಿಯ ಒಂಟಾರಿಯೋ ಪ್ರಾಂತದಲ್ಲಿ 1994ರಿಂದ 1997ರ ನಡುವೆ ಹೃದಯಾಘಾತವಾದ 50 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಹೃದಯದ ರಕ್ತನಾಳ ಪರೀಕ್ಷಿಸುವ ಆಂಜಿಯೋಗ್ರಾಮ್‌ಗೆ ಅತಿ ಶ್ರೀಮಂತ ಬಡಾವಣೆಯವರು ಕಾದದ್ದು ಅತಿ ಬಡ ಬಡಾವಣೆಯವರಿಗಿಂತ ಶೇಕಡಾ 45ರಷ್ಟು ಕಡಿಮೆ. ಅಷ್ಟೇ ಅಲ್ಲ, ಬಡಾವಣೆಯ ಆದಾಯ ಹೆಚ್ಚಿದಂತೆ ಮುಂದಿನ ಒಂದು ವರ್ಷದಲ್ಲಿ ಸಾಯುವ ಸಂಭವವೂ ಕಡಿಮೆಯಾಗಿತ್ತು.

ಹಣ ಕೇಳದ ಆಸ್ಪತ್ರೆಯಲ್ಲಿ ಹಣವಂತರು ಮುಂದೆ ಹೋಗುವುದು ಹೇಗೆ? ಮೇಷ್ಟರ ಮತ್ತು ಅಕ್ಕನ ಕಥೆಯನ್ನು ಹಂತ ಹಂತವಾಗಿ ನೋಡಿದರೆ ಉತ್ತರ ಸಿಗುತ್ತದೆ.

ಮೊದಲನೆಯದು ಕಾಗದ. ಮೇಷ್ಟರ ಮಗ ಫೋನಿನಲ್ಲಿ ಎನ್.ಎಚ್.ಎಸ್. ಆ್ಯಪ್ ಹಾಕಿಕೊಟ್ಟಿದ್ದ. ದಿನಾಂಕ ಬಂದ ಕೂಡಲೇ ತಿಳಿಯುತ್ತಿತ್ತು. ಅಕ್ಕ ಬಾಡಿಗೆ ಮನೆ ಬದಲಾಯಿಸಿದ್ದರು, ಜಿ.ಪಿ.ಗೆ ಹೊಸ ವಿಳಾಸ ಹೇಳಿದ್ದರು, ಆಸ್ಪತ್ರೆಗೆ ಬೇರೆಯಾಗಿ ಹೇಳಬೇಕೆಂದು ಗೊತ್ತಿರಲಿಲ್ಲ. ಕಾಗದ ಹಳೆಯ ಮನೆಗೆ ಹೋಯಿತು. ಆ ದಿನ ಅವರು ಆಸ್ಪತ್ರೆಗೆ ಹೋಗಲಿಲ್ಲ. ಹೇಳದೆ ಕೇಳದೆ ತಪ್ಪಿಸಿದವರನ್ನು ಜಿ.ಪಿ.ಗೆ ವಾಪಸು ಕಳಿಸಬಹುದು ಎಂದು ನಿಯಮವಿದೆ. ನಿಯಮ ತಪ್ಪೆಂದು ಹೇಳಲಾಗದು. ಖಾಲಿ ಹೋದ ಪ್ರತಿ ಅಪಾಯಿಂಟ್‌ಮೆಂಟ್ ಇನ್ನೊಬ್ಬ ರೋಗಿಗೆ ಆದ ನಷ್ಟ. ಆದರೆ ಅಕ್ಕನ ಪಾಲಿಗೆ ಆದದ್ದೆಂದರೆ, ಪಟ್ಟಿಯಿಂದ ಹೆಸರು ತೆಗೆದು ಗಡಿಯಾರ ನಿಲ್ಲಿಸಿದರು. ಐದು ತಿಂಗಳು ಕಾದದ್ದು ಲೆಕ್ಕಕ್ಕೇ ಇಲ್ಲ. ಮತ್ತೆ ಜಿ.ಪಿ., ಮತ್ತೆ ಪತ್ರ, ಮತ್ತೆ ಮೊದಲಿನಿಂದ.

ಎರಡನೆಯದು ಸಮಯ. "ನಾಳೆ ಒಬ್ಬರು ಬರುತ್ತಿಲ್ಲ, ನೀವು ಬರುತ್ತೀರಾ?" ಎಂದು ಆಸ್ಪತ್ರೆಯಿಂದ ಫೋನ್ ಬಂದಾಗ ಮೇಷ್ಟರು ಹೂಂ ಎಂದರು, ಸೊಸೆ ಮನೆಯಿಂದಲೇ ಕೆಲಸ ಮಾಡುವವಳು, ಕಾರಿದೆ. ಹೀಗೆ ರದ್ದಾದ ಜಾಗಗಳಿಗೆ ತಮ್ಮನ್ನು ಕರೆಯಬಹುದು ಎಂದು ಅವರು ಮೊದಲೇ ಹೇಳಿಟ್ಟಿದ್ದರು. ಅಕ್ಕನದು ಗಂಟೆ ಲೆಕ್ಕದ ಸಂಬಳ. ಒಂದು ದಿನ ರಜೆ ಎಂದರೆ ಒಂದು ದಿನದ ಕೂಲಿ ಹೋಯಿತು. ಆಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಬೇಕು. ನಾಳೆಯೇ ಬನ್ನಿ ಎಂದರೆ ಹೇಗೆ ಹೋದಾರು?

ಮೂರನೆಯದು ಆಯ್ಕೆ. ಇಂಗ್ಲೆಂಡಿನಲ್ಲಿ ರೋಗಿ ತನಗೆ ಬೇಕಾದ ಆಸ್ಪತ್ರೆಯನ್ನು ಆರಿಸಿಕೊಳ್ಳಬಹುದು. 2006ರಲ್ಲಿ ಕೆಲವೇ ಆಸ್ಪತ್ರೆಗಳ ನಡುವೆ ಶುರುವಾದ ಈ ಆಯ್ಕೆ 2008ರಿಂದ ಬಹಳ ವಿಸ್ತಾರವಾಯಿತು. ನಲವತ್ತು ಮೈಲಿ ದೂರದ ಆಸ್ಪತ್ರೆಯಲ್ಲಿ ಸಾಲು ಚಿಕ್ಕದಿದ್ದರೆ ಅಲ್ಲಿಗೆ ಹೋಗಬಹುದು. ಕಾಗದದ ಮೇಲೆ ಇದು ಎಲ್ಲರಿಗೂ ಇರುವ ಹಕ್ಕು. ಬಳಸಲು ಮಾತ್ರ ಅದರ ವಿಷಯ ತಿಳಿದಿರಬೇಕು, ಕಂಪ್ಯೂಟರಿನಲ್ಲಿ ಹೋಲಿಸಿ ನೋಡಬೇಕು, ಅಷ್ಟು ದೂರ ಕರೆದೊಯ್ಯಲು ಯಾರಾದರೂ ಇರಬೇಕು.

ನಾಲ್ಕನೆಯದು ಮೈಯಲ್ಲಿರುವ ಬೇರೆ ಕಾಯಿಲೆಗಳು. ಇದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆಗೆ ಮೈ ಸಿದ್ಧವಿದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅಂಕಿ 69, ಅಂದರೆ ಹಳೆಯ ಲೆಕ್ಕದ ಶೇಕಡಾ 8.5, ದಾಟಿದ್ದರೆ ಮೊದಲು ಸಕ್ಕರೆ ಇಳಿಸಿ ಬನ್ನಿ ಎಂದು ಸಾಮಾನ್ಯವಾಗಿ ಮುಂದೂಡುತ್ತಾರೆ. ಗಾಯ ಮಾಯುವುದಕ್ಕೆ, ಸೋಂಕು ತಗಲದಿರುವುದಕ್ಕೆ ಅದು ಬೇಕಾದದ್ದೇ. ಬಡ ಪ್ರದೇಶಗಳಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಶ್ವಾಸಕೋಶದ ತೊಂದರೆ ಹೆಚ್ಚು. ದಕ್ಷಿಣ ಏಷ್ಯಾದ ನಮ್ಮ ಜನಕ್ಕಂತೂ ಸಕ್ಕರೆ ಕಾಯಿಲೆ ಬಿಳಿಯರಿಗಿಂತ ಬೇಗ ಬರುತ್ತದೆ, ಹೆಚ್ಚು ಜನರಿಗೂ ಬರುತ್ತದೆ. ಅಕ್ಕನ ಸಕ್ಕರೆ ಏರಿತ್ತು. ಮಂಡಿನೋವಿನಿಂದ ನಡಿಗೆ ನಿಂತದ್ದು ಅದಕ್ಕೆ ಒಂದು ಕಾರಣ. ನಡೆಯಲಾಗದ್ದರಿಂದ ಸಕ್ಕರೆ ಏರಿತು; ಸಕ್ಕರೆ ಏರಿದ್ದರಿಂದ ಆಪರೇಷನ್ ಮುಂದೆ ಹೋಯಿತು; ಮುಂದೆ ಹೋದದ್ದರಿಂದ ನಡಿಗೆ ಇನ್ನೂ ಕಡಿಮೆಯಾಯಿತು. ಹೀಗೆ ನಾಲ್ಕು ತಿಂಗಳು.

ಐದನೆಯದು ಬಾಯಿ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಮ್ಮಲ್ಲಿ ಗಾದೆಯೇ ಇದೆ. ಮೇಷ್ಟರ ಮನೆಯವರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಫೋನ್ ಮಾಡಿ, ಪಟ್ಟಿಯಲ್ಲಿ ಎಲ್ಲಿದ್ದೇವೆ ಎಂದು ವಿನಯದಿಂದ ಕೇಳುತ್ತಿದ್ದರು. ನೋವು ಹೆಚ್ಚಾದಾಗ ಜಿ.ಪಿ.ಯಿಂದ ಇನ್ನೊಂದು ಪತ್ರ ಬರೆಸಿದರು. ನಾನು ಅಕ್ಕನನ್ನು ಕೇಳಿದೆ:

"ನೀವೂ ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ ಅಕ್ಕ?"

"ಹಾಗೆಲ್ಲ ಕೇಳಬಹುದಾ? ಬೈಯಲ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ನನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇರ್ತಾರೋ. ಬಂದಾಗ ಬರ್ಲಿ ಅಂತ ಸುಮ್ನಿದ್ದೆ."

ಇಡೀ ಸಾಲಿನಲ್ಲಿ ಅತ್ಯಂತ ಪ್ರಾಮಾಣಿಕವಾಗಿ ನಿಂತವರು ಅಕ್ಕನೇ ಎಂದು ನನಗೆ ಅನ್ನಿಸಿತು. ಅದಕ್ಕೇ ಅವರು ಹಿಂದೆ ಉಳಿದರು.

ಪಕ್ಕದ ಬಾಗಿಲು

ಇವೆಲ್ಲ ಸಾಲಿನೊಳಗಿನ ಮಾತಾಯಿತು. ಸಾಲಿನಿಂದ ಹೊರಗೆ ಹೋಗುವ ಬಾಗಿಲೂ ಒಂದಿದೆ. ಖಾಸಗಿ ಆಸ್ಪತ್ರೆಯಲ್ಲಿ ಮಂಡಿ ಬದಲಾವಣೆಗೆ 10 ಸಾವಿರ ಪೌಂಡಿಗೂ ಮೇಲೆ ಬೇಕು. ಅಷ್ಟು ಇದ್ದವರು, ಅಥವಾ ಕಂಪನಿಯ ವಿಮೆ ಇದ್ದವರು, ಕೆಲವೇ ವಾರಗಳಲ್ಲಿ ಮುಗಿಸಿಕೊಳ್ಳುತ್ತಾರೆ. ಪೂರ್ತಿ ಹಣ ಇಲ್ಲದವರಿಗೂ ಅರ್ಧ ದಾರಿ ಇದೆ. ಕೆಲವು ನೂರು ಪೌಂಡ್ ಕೊಟ್ಟು ತಜ್ಞ ವೈದ್ಯರನ್ನು ಖಾಸಗಿಯಾಗಿ ಕಂಡು, ಅಲ್ಲಿಂದ ಎನ್.ಎಚ್.ಎಸ್. ಪಟ್ಟಿಗೆ ಬರಬಹುದು. ಹಾಗೆ ಬಂದವರು ಉಳಿದವರಿಗಿಂತ ಮುಂದೆ ಹೋಗುವಂತಿಲ್ಲ ಎಂದು ನಿಯಮ ಹೇಳುತ್ತದೆ. ಆದರೆ ತಜ್ಞರನ್ನು ಮೊದಲ ಸಲ ನೋಡಲು ಇತರರು ಕಾಯುವ ತಿಂಗಳುಗಳು ಅವರಿಗೆ ಉಳಿಯುತ್ತವೆ.

ಕಾಯುವ ಕಷ್ಟವೂ ಎಲ್ಲರಿಗೂ ಒಂದೇ ತೂಕದ್ದಲ್ಲ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಮಂಡಿನೋವಿನಲ್ಲೂ ಸಂಬಳ ತರಬಹುದು. ಎಂಟು ಗಂಟೆ ಒಲೆಯ ಮುಂದೆ ನಿಲ್ಲುವವರಿಗೆ ಅದು ಸಾಧ್ಯವಿಲ್ಲ. ಕಾನೂನಿನ ಪ್ರಕಾರ ಉದ್ಯೋಗದಾತರು ಕೊಡಬೇಕಾದ ಕನಿಷ್ಠ ಅನಾರೋಗ್ಯ ಭತ್ಯೆ ಹೆಚ್ಚೆಂದರೆ 28 ವಾರ. ಸಾಲು ಅದಕ್ಕಿಂತ ಉದ್ದವಾದರೆ? ಅಕ್ಕ ನೋವಿನ ಮಾತ್ರೆ ನುಂಗಿ, ಗೋಡೆಗೆ ಒರಗಿಕೊಂಡು ಕೆಲಸ ಮುಂದುವರಿಸಿದರು. ಒಂದು ಮಂಡಿಯ ಭಾರವನ್ನು ಇನ್ನೊಂದು ಹೊತ್ತು ಈಗ ಅದೂ ನೋಯುತ್ತಿದೆ.

ಸಾಲು ಚಿಕ್ಕದಾದಾಗ

ಇಷ್ಟು ಓದಿದವರಿಗೆ, ಇದು ಲೋಕದ ರೀತಿ, ಯಾರೇನು ಮಾಡಲಾದೀತು ಎನ್ನಿಸಬಹುದು. ಆದರೆ ಹಾಗಲ್ಲ ಎಂದು ಇದೇ ದೇಶದ ಇತಿಹಾಸ ಹೇಳುತ್ತದೆ.

1990ರ ದಶಕದಲ್ಲಿ ಇಲ್ಲಿ ಒಂದು ಆಪರೇಷನ್ನಿಗೆ ಒಂದು ವರ್ಷ, ಒಂದೂವರೆ ವರ್ಷ ಕಾಯುವುದು ಅಪರೂಪವಾಗಿರಲಿಲ್ಲ. 2000ರಲ್ಲಿ ಸರ್ಕಾರ ಹತ್ತು ವರ್ಷದ ಯೋಜನೆ ಪ್ರಕಟಿಸಿತು. ಹಣ ಹೆಚ್ಚಿಸಿತು, ವೈದ್ಯರು ನರ್ಸುಗಳ ಸಂಖ್ಯೆ ಹೆಚ್ಚಿಸಿತು. ಭಾರತದಿಂದ ಬಹಳಷ್ಟು ಮಂದಿ ಬಂದದ್ದು ಆ ವರ್ಷಗಳಲ್ಲೇ. ಪೊರೆ, ಕೀಲುಗಳಂಥ ಶಸ್ತ್ರಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರಗಳನ್ನು ತೆರೆಯಿತು. ಗಡುವು ಮೀರಿದ ಆಸ್ಪತ್ರೆಗಳ ಆಡಳಿತದವರನ್ನು ಉತ್ತರ ಕೇಳಿತು. ಜಿ.ಪಿ. ಪತ್ರದಿಂದ ಚಿಕಿತ್ಸೆ ಶುರುವಾಗುವ ತನಕ 18 ವಾರ ಮೀರಬಾರದು ಎಂಬ ಗುರಿಯನ್ನು 2004ರಲ್ಲಿ ಹಾಕಿಕೊಂಡು 2008ರ ಹೊತ್ತಿಗೆ ಬಹುಮಟ್ಟಿಗೆ ಸಾಧಿಸಿತು.

ಆಗ ಬಡವರು ಮತ್ತು ಅನುಕೂಲಸ್ಥರ ನಡುವಿನ ಅಂತರ ಏನಾಯಿತು? ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1997ರಿಂದ 2007ರವರೆಗೆ ಇಂಗ್ಲೆಂಡಿನಲ್ಲಿ ನಡೆದ ಮಂಡಿ, ಸೊಂಟದ ಕೀಲು ಮತ್ತು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳ ದಾಖಲೆಗಳನ್ನು ನೋಡಿದರು. ಅವು ಮೂವತ್ತು ಲಕ್ಷಕ್ಕೂ ಹೆಚ್ಚು. 1997ರಲ್ಲಿ ಬಡ ಪ್ರದೇಶದವರು ಸ್ಪಷ್ಟವಾಗಿ ಹೆಚ್ಚು ಕಾಯುತ್ತಿದ್ದರು. 2007ರ ಹೊತ್ತಿಗೆ ಎಲ್ಲರೂ ಕಾಯುವುದು ಕಡಿಮೆಯಾಗಿತ್ತು, ಅವರ ನಡುವಿನ ಅಂತರವೂ ಬಹುಪಾಲು ಕರಗಿ ಹೋಗಿತ್ತು. ಈ ಅಧ್ಯಯನ 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಇದರ ಕಾರಣ ಊಹಿಸುವುದು ಕಷ್ಟವಲ್ಲ. ಬಸ್ಸು ಹತ್ತು ನಿಮಿಷಕ್ಕೊಂದು ಬರುವ ಊರಿನಲ್ಲಿ ಯಾರೂ ನೂಕುವುದಿಲ್ಲ. ದಿನಕ್ಕೊಂದೇ ಬಸ್ಸು ಬರುವ ಹಳ್ಳಿಯಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವನಿಗೇ ಜಾಗ. ಸಾಲು ಉದ್ದವಾದಷ್ಟೂ ಫೋನು, ಕಾರು, ಇಂಗ್ಲಿಷು, ಪರಿಚಯ ಇವುಗಳ ಬೆಲೆ ಏರುತ್ತದೆ. ಸಾಲು ಚಿಕ್ಕದಾದರೆ ಇವು ಯಾವುದೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಉದ್ದದ ಸಾಲು ಬರೀ ಅನಾನುಕೂಲವಲ್ಲ. ಅಸಮಾನತೆ ಬೆಳೆಯುವುದೇ ಅದರೊಳಗೆ.

ಅದಾದ ಮೇಲೆ ಸಾಲು ಮತ್ತೆ ಬೆಳೆಯಿತು. ಶೇಕಡಾ 92 ಜನರಿಗೆ 18 ವಾರದೊಳಗೆ ಚಿಕಿತ್ಸೆ ಎಂಬ ಗುರಿಯನ್ನು 2016ರ ನಂತರ ಒಮ್ಮೆಯೂ ಮುಟ್ಟಲಾಗಿಲ್ಲ. ಕೋವಿಡ್ ಬಂದ ಮೇಲಂತೂ ಹೇಳುವಂತೆಯೇ ಇಲ್ಲ. 2021ರಲ್ಲಿ ಕಿಂಗ್ಸ್ ಫಂಡ್ ಸಂಸ್ಥೆ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ವರ್ಷಕ್ಕೂ ಮೇಲೆ ಕಾಯುವ ಸಂಭವ ಅತಿ ಬಡ ಪ್ರದೇಶದವರಿಗೆ ಅತಿ ಅನುಕೂಲಸ್ಥ ಪ್ರದೇಶದವರಿಗಿಂತ ಸುಮಾರು ಎರಡು ಪಟ್ಟು. ಹತ್ತು ವರ್ಷದಲ್ಲಿ ಕರಗಿದ್ದ ಅಂತರ ಮತ್ತೆ ಗಟ್ಟಿಯಾಗಿತ್ತು.

ಒಳ್ಳೆಯ ಸುದ್ದಿಯೂ ಇದೆ. ಬಡತನ, ಜನಾಂಗ, ವಯಸ್ಸು, ಹೆಣ್ಣು ಗಂಡು ಇವುಗಳ ಪ್ರಕಾರ ಕಾಯುವವರ ಪಟ್ಟಿಯನ್ನು ವಿಂಗಡಿಸಿ ನೋಡಿ ಎಂದು 2021ರಲ್ಲಿ ಆಸ್ಪತ್ರೆಗಳಿಗೆ ಸೂಚನೆ ಹೋಯಿತು; 2025ರ ಜುಲೈಯಲ್ಲಿ ಇಂಗ್ಲೆಂಡಿನ ಇಂಥ ಅಂಕಿಗಳು ಸಾರ್ವಜನಿಕವಾಗಿ ಪ್ರಕಟವಾದವು. 2029ರ ಮಾರ್ಚ್ ವೇಳೆಗೆ 18 ವಾರದ ಗುರಿಗೆ ಮರಳುತ್ತೇವೆ ಎಂದು ಸರ್ಕಾರ ಹೇಳಿದೆ. ಕಾವೆಂಟ್ರಿಯಂಥ ಕಡೆ ಆಸ್ಪತ್ರೆಯವರು ಯಾರು ಮೊದಲು ಎಂದು ನಿರ್ಧರಿಸುವಾಗ ರೋಗಿಯ ಸಾಮಾಜಿಕ ಸ್ಥಿತಿಯನ್ನೂ ಲೆಕ್ಕಕ್ಕೆ ತರುವ ಪ್ರಯೋಗ ಮಾಡಿದ್ದಾರೆ. ಬಡವರಿಗೆ ಮುಂದಿನ ಜಾಗ ಕೊಟ್ಟುಬಿಡಿ ಎಂಬುದು ಇದರ ಅರ್ಥವಲ್ಲ. ತಮ್ಮ ತಪ್ಪಿಲ್ಲದೆ ಹಿಂದೆ ಜಾರಿದವರನ್ನು ಅವರ ಜಾಗಕ್ಕೆ ತಂದು ನಿಲ್ಲಿಸಿ ಎಂಬುದಷ್ಟೇ.

ನಾವು ಮಾಡಬಹುದಾದದ್ದು

ಸಾಲನ್ನು ಚಿಕ್ಕದು ಮಾಡುವುದು ಸರ್ಕಾರದ ಕೆಲಸ; ಅದನ್ನು ಕೇಳುವುದು ಮತದಾರರಾದ ನಮ್ಮ ಕೆಲಸ. ಅಲ್ಲಿಯವರೆಗೆ ಪಕ್ಕದವರು ಹಿಂದೆ ಜಾರದಂತೆ ನೋಡಿಕೊಳ್ಳಬಹುದು. ಈ ಕೆಲವು ವಿಷಯಗಳು ಇಂಗ್ಲೆಂಡಿನಲ್ಲಿರುವ ಎಲ್ಲರಿಗೂ ತಿಳಿದಿರಲಿ.

ವಿಳಾಸ ಅಥವಾ ಫೋನ್ ನಂಬರ್ ಬದಲಾದರೆ ಜಿ.ಪಿ.ಗೆ ಮಾತ್ರವಲ್ಲ, ಹೆಸರು ಪಟ್ಟಿಯಲ್ಲಿರುವ ಆಸ್ಪತ್ರೆಗೂ ತಿಳಿಸಿ. ಗುರುತಿಲ್ಲದ ನಂಬರಿನಿಂದ ಕರೆ ಬಂದರೂ, ಕಾಯುತ್ತಿರುವವರು ಎತ್ತಿಕೊಳ್ಳುವುದು ಒಳ್ಳೆಯದು. ಅನೇಕ ಆಸ್ಪತ್ರೆಗಳ ಕರೆಗಳು ಹಾಗೆಯೇ ಬರುತ್ತವೆ.

ಹೋಗಲಾಗದಿದ್ದರೆ ಮುಂಚಿತವಾಗಿ ಫೋನ್ ಮಾಡಿ ಬೇರೆ ದಿನ ಕೇಳಿ. ಹೇಳಿ ತಪ್ಪಿಸುವುದಕ್ಕೂ ಹೇಳದೆ ತಪ್ಪಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ಶಿಫಾರಸು ಪತ್ರ ಬರೆಯುವಾಗಲೇ, ಯಾವ ಆಸ್ಪತ್ರೆಯಲ್ಲಿ ಸಾಲು ಚಿಕ್ಕದು ಎಂದು ಜಿ.ಪಿ.ಯನ್ನು ಕೇಳಿ. 18 ವಾರ ದಾಟಿದರೆ ಬೇರೆ ಕಡೆ ಚಿಕಿತ್ಸೆ ಕೇಳುವ ಹಕ್ಕೂ ಇದೆ. ಆದಾಯ ಕಡಿಮೆ ಇರುವವರಿಗೆ ಆಸ್ಪತ್ರೆಗೆ ಹೋಗಿಬರುವ ಖರ್ಚನ್ನು ಹಿಂದಕ್ಕೆ ಕೊಡುವ ಯೋಜನೆ ಇದೆ, ಟಿಕೆಟ್ಟುಗಳನ್ನು ಇಟ್ಟುಕೊಳ್ಳಿ.

ಪಟ್ಟಿಗೆ ಸೇರಿದ ದಿನದಿಂದಲೇ ಸಕ್ಕರೆ, ಬಿ.ಪಿ. ಹತೋಟಿಗೆ ತರಲು ಶುರುಮಾಡಿ. ಕೊನೆಯ ವಾರ ಪಥ್ಯ ಮಾಡಿದರೆ ಮೂರು ತಿಂಗಳ ಸರಾಸರಿ ಇಳಿಯುವುದಿಲ್ಲ. ನೋವು ಹೆಚ್ಚಾದರೆ ಜಿ.ಪಿ.ಗೆ ಹೇಳಿ, ಅವರು ಆಸ್ಪತ್ರೆಗೆ ಮತ್ತೆ ಬರೆಯಬಹುದು. ಕೇಳಿದರೆ ಯಾರೂ ಬೈಯುವುದಿಲ್ಲ.

ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕೆಂದು ಮುಂಚೆಯೇ ಕೇಳಿ. ಕನ್ನಡಕ್ಕೂ ಕೇಳಬಹುದು, ಅದಕ್ಕೆ ರೋಗಿ ಹಣ ಕೊಡಬೇಕಿಲ್ಲ. ಇಲ್ಲೊಂದು ಮಾತು ನಮ್ಮ ಶಾಲೆಯ ಪೋಷಕರಿಗೆ. ನಮ್ಮ ಮಕ್ಕಳು ಕನ್ನಡ ಕಲಿತು ಅಜ್ಜಿಯೊಡನೆ ಮಾತಾಡಲಿ, ಕಥೆ ಕೇಳಲಿ. ಅದಕ್ಕೇ ಈ ಶಾಲೆ ಇರುವುದು. ಆದರೆ ಹನ್ನೆರಡು ವರ್ಷದ ಮೊಮ್ಮಗಳನ್ನು ಡಾಕ್ಟರ ಮುಂದೆ ಕೂರಿಸಿ ಅಜ್ಜಿಯ ಕಾಯಿಲೆಯನ್ನು ಅನುವಾದ ಮಾಡಿಸಬೇಡಿ. ಅಜ್ಜಿ ಅರ್ಧ ಮುಚ್ಚಿಡುತ್ತಾರೆ, ಮಗು ಅರ್ಧ ತಪ್ಪು ಹೇಳುತ್ತದೆ, ಕೇಳಬಾರದ್ದನ್ನು ಕೇಳಿ ರಾತ್ರಿಯೆಲ್ಲ ಹೆದರುತ್ತದೆ.

ಕೊನೆಯದಾಗಿ ಇನ್ನೊಂದು ಮಾತು. ದಾರಿ ಗೊತ್ತಿರುವುದು ತಪ್ಪಲ್ಲ. ಮೇಷ್ಟರ ಮಗ ಅಪ್ಪನಿಗಾಗಿ ಮಾಡಿದ್ದನ್ನು ನಾವೆಲ್ಲರೂ ನಮ್ಮ ಅಪ್ಪನಿಗಾಗಿ ಮಾಡುತ್ತೇವೆ. ಆದರೆ ನಮಗೆ ಗೊತ್ತಿರುವ ದಾರಿ ನಮ್ಮ ಮನೆಯ ಬಾಗಿಲಿಗೇ ನಿಂತರೆ, ನಾವು ಒಂದು ಹೆಜ್ಜೆ ಮುಂದೆ ಹೋದಾಗಲೆಲ್ಲ ಕಾಣದ ಯಾರೋ ಒಬ್ಬರು ಒಂದು ಹೆಜ್ಜೆ ಹಿಂದೆ ಉಳಿಯುತ್ತಾರೆ.

ಈಗ ಮೇಷ್ಟರು ಕಾರಿಡಾರಿನ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತಾರೆ. ಆಸ್ಪತ್ರೆಯ ಕಾಗದ ಅರ್ಥವಾಗದವರು ತಂದು ತೋರಿಸುತ್ತಾರೆ; ಅವರು ಕನ್ನಡಕ ಏರಿಸಿ ಓದಿ ಹೇಳುತ್ತಾರೆ, ಬೇಕಾದರೆ ಅಲ್ಲೇ ಫೋನ್ ಮಾಡಿಸುತ್ತಾರೆ. ಕನ್ನಡದವರಷ್ಟೇ ಅಲ್ಲ, ಪಕ್ಕದ ತರಗತಿಯ ಗುಜರಾತಿ ಅಜ್ಜಿಯೂ ಬರುತ್ತಾರೆ. ಅಕ್ಕನ ಇನ್ನೊಂದು ಮಂಡಿಗೆ ಕಳೆದ ತಿಂಗಳು ಜಿ.ಪಿ. ಪತ್ರ ಹೋಗಿದೆ. ಈ ಸಲ ಆಸ್ಪತ್ರೆಗೆ ಫೋನ್ ಮಾಡಿ ವಿಳಾಸ ಸರಿಯಿದೆಯೇ ಎಂದು ಕೇಳಿದ್ದು ಮೇಷ್ಟರಲ್ಲ, ಅಕ್ಕನೇ.

"ಬೈಯಲಿಲ್ಲ" ಎಂದರು ನಗುತ್ತ.